ಗುಡುಗಿಗೆ ತೆಗೆದ ಪ್ಲಗ್

ಐರ್ಲೆಂಡಿನಲ್ಲಿ ಏನೇನು ನೋಡಿದಿರಿ ಎಂದು ಕುಂದಾಪುರದಲ್ಲಿ ಕೇಳುವವರಿಗೆಲ್ಲ ನಾನು ಹಸಿರು ಗುಡ್ಡ, ಕಲ್ಲಿನ ಬೇಲಿ, ಕುರಿ ಅನ್ನುತ್ತೇನೆ. ಸುಳ್ಳಲ್ಲ, ಅವೆಲ್ಲ ಕಾರಿನ ಕಿಟಕಿಯಾಚೆ ಇದ್ದೇ ಇದ್ದವು. ಆದರೆ ಟು ಬಿ ಫ್ರ್ಯಾಂಕ್, ಆ ಗುರುವಾರ ಬೆಳಗಿನಿಂದ ಮಧ್ಯಾಹ್ನದವರೆಗೆ ನಾನು ಕಣ್ಣು ಕೀಳದೆ ನೋಡಿದ್ದು ಸ್ಟಿಯರಿಂಗಿನ ಹಿಂದೆ ಹೊಳೆಯುತ್ತಿದ್ದ ಬ್ಯಾಟರಿಯ ಅಂಕೆಯನ್ನು. ಅದು ಒಂದೊಂದಾಗಿ ಇಳಿಯುತ್ತಿತ್ತು. ಇನ್ನೂರೈವತ್ತು ಕಿಲೋಮೀಟರ್ ಆಚೆ, ಗಾಲ್ವೇ ಎಂಬ ಊರಿನ ಆಸ್ಪತ್ರೆಯಲ್ಲಿ, ನನ್ನ ಗೆಳತಿ ಗಿರಿಜ ಕಾಯುತ್ತಿದ್ದಳು. ಎರಡು ಗಂಟೆಗೆ ಅವಳ ಗಂಟಲಿನ ಧ್ವನಿಪೆಟ್ಟಿಗೆಯನ್ನು ತೆಗೆಯುವವರಿದ್ದರು. ಆಮೇಲೆ ಅವಳಿಗೆ ದನಿ ಇರುವುದಿಲ್ಲ.

ನಾವು ಮೂವರು ಮಂಗಳೂರಿನ ಕಾನ್ವೆಂಟ್ ಹಾಸ್ಟೆಲಿನವರು. ಬ್ರಹ್ಮಾವರದ ಸರೋಜ, ಕುಂದಾಪುರದ ನಾನು, ಬೈಂದೂರಿನ ಗಿರಿಜ. ರಜೆಗೆ ಊರಿಗೆ ಹೊರಟರೆ ಮೂವರಿಗೂ ಒಂದೇ ಬಸ್ಸು. ಸರೋಜ ಮೊದಲು ಇಳಿಯುತ್ತಿದ್ದಳು, ಆಮೇಲೆ ನಾನು, ಕೊನೆಗೆ ಗಿರಿಜ ಒಬ್ಬಳೇ. ಬಸ್ಸು ಹೊರಟ ಮೇಲೆ ಅವಳು ಕಿಟಕಿಯಿಂದ ಅರ್ಧ ಮೈ ಹೊರಗೆ ಹಾಕಿ, ಕುಂದಾಪುರದ ಬಸ್‌ಸ್ಟ್ಯಾಂಡ್ ಇಡೀ ತಿರುಗಿ ನೋಡುವಂತೆ, ಹೋಗಿ ಬರುತ್ತೇನೆಂದು ಕೂಗುತ್ತಿದ್ದಳು: "ಹ್ವಾಯ್! ಬತ್ತೆ!" ಮೀನು ವ್ಯಾಪಾರದ ಮನೆಯವಳು, ಕಡಲ ಗಾಳಿಯನ್ನು ಮೀರಿಸಿ ಮಾತಾಡಿ ಬೆಳೆದ ಗಂಟಲು. ಹಾಸ್ಟೆಲಿನಲ್ಲಿ ಕನ್ನಡ ಆಡಿದರೆ ಊಟದ ಕೋಣೆಯಲ್ಲಿ ಗೋಡೆಗೆ ಮುಖ ಮಾಡಿ ನಿಲ್ಲಬೇಕಿತ್ತು. ನಾನು ಒಂದು ಸಲವೂ ನಿಲ್ಲಲಿಲ್ಲ. ಗಿರಿಜ ವಾರಕ್ಕೆ ಮೂರು ಸಲ ನಿಲ್ಲುತ್ತಿದ್ದಳು, ಗೋಡೆಯ ಜೊತೆಗೂ ಕುಂದಾಪ್ರ ಕನ್ನಡದಲ್ಲೇ ಮಾತಾಡುತ್ತಿದ್ದಳು. ನಾನು ಇಂಗ್ಲಿಷ್ ಟೀಚರ್ ಆಗಿ ಊರಲ್ಲೇ ಉಳಿದೆ. ಗಿರಿಜ ನರ್ಸಾಗಿ ಗಾಲ್ವೇಗೆ ಹೋದಳು, ಮದುವೆ ಆಗಲಿಲ್ಲ. ಸರೋಜ ಹೋಟೆಲಿನವರನ್ನು ಮದುವೆಯಾಗಿ ಮುಂಬೈಗೆ, ಅಲ್ಲಿಂದ ಐರ್ಲೆಂಡಿನ ಕಾರ್ಕ್ ಪಟ್ಟಣಕ್ಕೆ ಹೋದಳು. ಈಗ ಗಂಡ ಇಲ್ಲ, ಹೋಟೆಲು ಇಲ್ಲ. ಒಂದು ಪುಟ್ಟ ಎಲೆಕ್ಟ್ರಿಕ್ ಕಾರು ಇದೆ.

ಗಿರಿಜಳ ಗಂಟಲಿನ ಸುದ್ದಿ ಹೇಳಿದವಳೂ ಸರೋಜಳೇ. ನಾನು ಫೋನಿನಲ್ಲಾದರೂ ಮಾತಾಡೋಣ ಎಂದರೆ ಗಿರಿಜ ಒಪ್ಪಲಿಲ್ಲವಂತೆ. "ಉಳ್ದದ್ದ್ ಇಷ್ಟೇ ಮಾತ್. ಅದನ್ನ್ ಫೋನಿಗ್ ಖರ್ಚ್ ಮಾಡುದಿಲ್ಲೆ. ಬೇಕಾರೆ ಮಕ ಕಾಂಬುಕೆ ಬರ್ಲಿ" ಎಂದು ಹೇಳಿ ಕಳಿಸಿದಳು. ಎಪ್ಪತ್ತೆರಡು ವರ್ಷಕ್ಕೆ ನಾನು ಮೊದಲ ಸಲ ಪಾಸ್‌ಪೋರ್ಟ್ ಮಾಡಿಸಿದೆ.

ಡಿಂಗಲ್, ಬುಧವಾರ

ಬುಧವಾರ ಗಿರಿಜಳಿಗೆ ಇಡೀ ದಿನ ಪರೀಕ್ಷೆಗಳು, ಯಾರನ್ನೂ ಒಳಗೆ ಬಿಡುವುದಿಲ್ಲ ಎಂದಿದ್ದರು. "ಗುರುವಾರ ಹನ್ನೆರಡರಿಂದ ಒಂದೂಮುಕ್ಕಾಲ್ ತನಕ ನನ್ ಬಾಯಿ ನಿಮ್ದ್" ಎಂದು ಅವಳು ಸರೋಜಳ ಮೂಲಕ ಸಮಯ ಕೊಟ್ಟಿದ್ದಳು. ಆ ಖಾಲಿ ಬುಧವಾರದಲ್ಲಿ ಕಾರ್ಕಿನಿಂದ ದಾರಿ ಸುತ್ತಿಸಿ ಡಿಂಗಲ್ ಎಂಬ ಕಡಲೂರಿಗೆ ಹೋಗೋಣ ಎಂದವಳು ನಾನೇ. ನಮ್ಮ ಹೆಡ್‌ಮಿಸ್ಟ್ರೆಸ್ ಮದರ್ ಅದರ ಹತ್ತಿರದ ಹಳ್ಳಿಯವರು. ಪಾಠದ ಮಧ್ಯೆ ಒಮ್ಮೊಮ್ಮೆ ಕಿಟಕಿಯಾಚೆ ನೋಡಿ ಆ ಹೆಸರು ಹೇಳಿ ಸುಮ್ಮನಾಗಿಬಿಡುತ್ತಿದ್ದರು. ಏನು ನೆನಪಾಗುತ್ತಿತ್ತೋ ಎಂದು ನನಗೆ ಅರುವತ್ತು ವರ್ಷದಿಂದ ಕುತೂಹಲ.

ಹೋಗಿ ನೋಡಿದರೆ ನಮ್ಮ ಕುಂದಾಪುರದ ಕೋಡಿ ಕಡಲದಡವೇ! ಬಾಯ್ತೆರೆದ ನೀರು, ದಡಕ್ಕೆ ಎಳೆದ ದೋಣಿ, ಬಲೆ ರಿಪೇರಿ ಮಾಡುತ್ತ ಕೂತ ಗಂಡಸರು. ಬಿಸಿಲು ಮಾತ್ರ ಇಲ್ಲ. ಹೆಂಗಸರು ತಲೆಯ ಮೇಲೆ ಬುಟ್ಟಿ ಹೊರುವುದಿಲ್ಲ, ಸ್ವೆಟರಿನ ಕಿಸೆಯಲ್ಲಿ ಕೈ ಹಾಕಿಕೊಂಡು ಗಾಳಿಗೆ ವಾಲಿ ನಡೆಯುತ್ತಾರೆ. ಎದುರಾದ ಪ್ರತಿಯೊಬ್ಬರೂ ಹವೆಯ ಬಗ್ಗೆ ಒಂದು ಮಾತು ಹೇಳಿಯೇ ಮುಂದೆ ಹೋಗುವುದು. ಇಲ್ಲಿ ಊಟ ಆಯಿತಾ ಎಂದು ಕೇಳಿದ ಹಾಗೆ.

ನಾವು ಉಳಿದದ್ದು ನೋರಾ ಎಂಬ ವಿಧವೆಯ ಮನೆಯಲ್ಲಿ. ಮೂರು ಗಂಟೆಗೆ ತಲುಪುವಾಗ ಬ್ಯಾಟರಿಯಲ್ಲಿ ಇಪ್ಪತ್ತೆರಡು ಪರ್ಸೆಂಟ್. ನೋರಾ ಹೊರಗೋಡೆಯ ಸ್ವಿಚ್ ತೋರಿಸಿದರು, ಮನೆಯ ಇಸ್ತ್ರಿಪೆಟ್ಟಿಗೆಗೆ ಇರುವಂಥ ಮಾಮೂಲಿ ಪ್ಲಗ್. ಸರೋಜ ಡಿಕ್ಕಿಯಿಂದ ಒಂದು ಕೇಬಲ್ ತೆಗೆದಳು. ಆ ದೇಶದಲ್ಲಿ ಅದಕ್ಕೆ ಗ್ರಾನಿ ಕೇಬಲ್ ಅನ್ನುತ್ತಾರಂತೆ.

"ಅಜ್ಜಿ ಕೇಬಲ್ಲಾ? ಎಂತಕೆ?" ಎಂದೆ.

"ನಿನ್ನ್ ಹಾಂಗೆ ನಿಧಾನ ಅಲ್ದಾ, ಅದ್ಕೆ. ನಾಳೆ ಬೆಳಿಗ್ಗೆ ಎಂಟಕ್ಕೆ ಫುಲ್ ಆತ್ತ್. ಅಲ್ಲಿಂದ ದಾರಿಯಂಗ್ ಒಂದೇ ಸಲ, ಕಾಫಿ ಕುಡುವಷ್ಟ್ ಹೊತ್ತ್ ನಿಂತ್ರೆ ಸಾಕ್. ಹನ್ನೆರ್ಡೂಕಾಲಿಗ್ ಗಿರಿಜನ ಎದ್ರ್ ಕೂಕಂತಿತ್."

ಈ ನಿಧಾನ ನನಗೆ ಹೊಸದಲ್ಲ. ಕುಂದಾಪುರದಲ್ಲಿ ನನ್ನ ತಮ್ಮನ ಮಗಳಿಗೂ ಇಂಥದೇ ಕಾರಿದೆ. ಸಂಜೆ ಪೋರ್ಟಿಕೋದಲ್ಲಿ ಪ್ಲಗ್ ಹಾಕಿದರೆ ಬೆಳಗಾಗುವಾಗ ತುಂಬುತ್ತದೆ, ಬೇಸಿಗೆಯ ಬಾವಿಗೆ ರಾತ್ರಿಯೆಲ್ಲ ನೀರು ಊರಿದ ಹಾಗೆ. ಅದೇ ಬೈಂದೂರು ದಾರಿಯ ಹೋಟೆಲಿನ ಅಂಗಳದಲ್ಲಿ ಒಂದು ದೊಡ್ಡ ಚಾರ್ಜರ್ ನಿಂತಿದೆ. ಅದಕ್ಕೆ ಸಿಕ್ಕಿಸಿ ಒಳಗೆ ಹೋಗಿ ದೋಸೆ ತಿಂದು ಬರುವಷ್ಟರಲ್ಲಿ ಗೋವಾಕ್ಕೆ ಹೊರಡಬಹುದು. ಅದರ ಮುಂದೆ ಯಾರೂ ಪೆಟ್ರೋಲ್ ಕಾರು ನಿಲ್ಲಿಸಿ ಊಟಕ್ಕೆ ಹೋಗಿರಬಾರದು, ಅಷ್ಟೆ.

ಸರೋಜ ಡ್ರೈವ್ ಮಾಡಿ ದಣಿದು ಮಲಗಿದಳು. ನಾನು ಕಿಟಕಿಯ ಪಕ್ಕ ಕೂತಿದ್ದೆ. ಸಂಜೆ ಐದರ ಹೊತ್ತಿಗೆ ಆಕಾಶ ಕಪ್ಪಾಯಿತು. ದೂರದಲ್ಲಿ ಒಂದು ಗುಡುಗು. ಅಲ್ಲಿ ಗುಡುಗು ಅಪರೂಪವಂತೆ, ನೋರಾ ಬಾಗಿಲಿಗೆ ಬಂದು ಸಂಭ್ರಮದಿಂದ ನೋಡುತ್ತಿದ್ದರು. ನಮ್ಮ ಕಡೆ ಗುಡುಗಿದರೆ ಯಾರೂ ಆಕಾಶ ನೋಡುವುದಿಲ್ಲ, ಗೋಡೆ ನೋಡುತ್ತಾರೆ. ಟಿವಿ, ಫ್ರಿಜ್ಜು, ಇಂಟರ್‌ನೆಟ್ ಪೆಟ್ಟಿಗೆ, ಒಂದೊಂದರದ್ದೂ ಪ್ಲಗ್ ಕೀಳಬೇಕು. ಪಕ್ಕದ ಮನೆಯಿಂದ "ಪ್ಲಗ್ ತೆಗ್ದಾಯ್ತಾ?" ಎಂಬ ಕೂಗು ಬರುತ್ತದೆ. ನನ್ನ ಅಪ್ಪಯ್ಯನ ರೇಡಿಯೋ ಒಂದೇ ಸಿಡಿಲಿಗೆ ಸುಟ್ಟು ವಾಸನೆ ಹಬ್ಬಿದ್ದು ಈಗಲೂ ಮೂಗಿನಲ್ಲಿದೆ. ಎರಡನೆಯ ಗುಡುಗಿಗೆ ನಾನು ಎದ್ದೆ. ಹೊರಗೆ ಹೋದೆ. ಗೋಡೆಯ ಸ್ವಿಚ್ ಆಫ್ ಮಾಡಿ, ಪ್ಲಗ್ ತೆಗೆದು, ವೈರನ್ನು ನೀಟಾಗಿ ಸುತ್ತಿ, ಮಳೆ ತಾಗದ ಹಾಗೆ ಬೆಂಚಿನ ಕೆಳಗೆ ಇಟ್ಟೆ. ಮನಸ್ಸಿಗೆ ಎಷ್ಟು ನೆಮ್ಮದಿ! ಆ ಹೊತ್ತಿಗೆ ನೋರಾ ಚಹಾಕ್ಕೆ ಕರೆದರು. ಬಿಸಿ ಬ್ರೆಡ್ಡು, ಬೆಣ್ಣೆ, ಮದರ್ ಅವರ ಮನೆತನದ ಸುದ್ದಿ. ಪ್ಲಗ್ಗಿನ ನೆನಪು ಅಲ್ಲಿಗೆ ಹೋಯಿತು.

ಡಿಂಗಲ್, ಗುರುವಾರ ಬೆಳಿಗ್ಗೆ

ಆರೂವರೆಗೆ ವಾಕಿಂಗಿಗೆಂದು ಹೊರಟವಳು ಬೆಂಚಿನ ಕೆಳಗೆ ನೋಡಿದೆ. ವೈರು ನಾನು ಸುತ್ತಿಟ್ಟ ಹಾಗೆಯೇ ಮಲಗಿತ್ತು.

ಈ ವಯಸ್ಸಿನಲ್ಲಿ ಮಾಡಬಾರದ ಕೆಲಸ ಮಾಡಿದೆ: ಸದ್ದಾಗದ ಹಾಗೆ ಪ್ಲಗ್ ಸಿಕ್ಕಿಸಿ, ಸ್ವಿಚ್ ಹಾಕಿ, ಏನೂ ಆಗದವಳಂತೆ ಒಳಗೆ ಬಂದೆ. ಒಂದೂವರೆ ಗಂಟೆ ಇದೆಯಲ್ಲ, ಸ್ವಲ್ಪವಾದರೂ ಏರೀತು ಎಂಬ ಆಸೆ. ಪ್ರಾರ್ಥನೆ ಕೂಡ ಮಾಡಿದೆ, ಅದೂ ಕಾನ್ವೆಂಟಿನ ಹೇಲ್ ಮೇರಿ. ಮೂವತ್ತೊಂದು ಇದ್ದದ್ದು ಎಂಟು ಗಂಟೆಗೆ ಮೂವತ್ತೆಂಟಾಗಿತ್ತು. ಹೇಲ್ ಮೇರಿಯೂ ಗ್ರಾನಿ ಕೇಬಲಿನ ಮೇಲೆ ಏನೂ ಮಾಡಲಾರಳು.

ಸರೋಜ ಬಂದು ಅಂಕೆ ನೋಡಿದಳು. ಪ್ಲಗ್ ನೋಡಿದಳು. ಮತ್ತೆ ಅಂಕೆ ನೋಡಿದಳು.

"ಇದೆಂತ ಮಾರಾಯ್ತಿ! ನಿನ್ನೆ ಮೂರ್ ಗಂಟಿಗ್ ಹಾಕದ್ದ್. ಈ ಹೆಂಗ್ಸಿನ ಮನಿ ಕರೆಂಟೇ ಸಮ ಇಲ್ಲೆ!"

ನಾನು ಆಗಲೇ ಹೇಳಬೇಕಿತ್ತು. ಬಾಯಿ ತೆರೆದೆ. "ಹೌ ಸ್ಟ್ರೇಂಜ್" ಎಂದೆ.

ಟ್ರಲೀ

ಡಿಂಗಲ್‌ನಿಂದ ಟ್ರಲೀ ಪಟ್ಟಣಕ್ಕೆ ಒಂದು ಗಂಟೆ. ಆ ರಸ್ತೆ ಬಹಳ ಚಂದವಂತೆ. ಗುಡ್ಡ ಏರುವಾಗ ಅಂಕೆ ದಡದಡ ಇಳಿಯಿತು, ಇಳಿಜಾರಿನಲ್ಲಿ ಒಂದು ಏರಿತು, ಆ ಒಂದಕ್ಕೆ ನಾವಿಬ್ಬರೂ ಚಪ್ಪಾಳೆ ಹೊಡೆದೆವು. ಹೀಟರ್ ಹಾಕಿದರೆ ಬ್ಯಾಟರಿ ತಿನ್ನುತ್ತದೆ ಎಂದು ಆಫ್ ಮಾಡಿ, ಇಬ್ಬರೂ ಶಾಲು ಹೊದ್ದು ಮೀನಿನ ಐಸ್ ಪೆಟ್ಟಿಗೆಯೊಳಗೆ ಕೂತವರ ಹಾಗೆ ಕೂತೆವು. ಲೇಟಾಗುತ್ತದೆ ಎಂದು ತಿಳಿಸಲು ಗಿರಿಜಳಿಗೆ ಫೋನು ಮಾಡಿದೆ. ಸ್ವಿಚ್ ಆಫ್. ಆಸ್ಪತ್ರೆಯ ನಂಬರಿಗೆ ಮಾಡಿದರೆ ಕೊಳಲಿನ ಸಂಗೀತ ಕೇಳಿಸುತ್ತಲೇ ಇತ್ತು, ಮನುಷ್ಯರ ದನಿ ಬರಲಿಲ್ಲ.

"ಮೊದ್ಲೇ ಕರ್ಕಂಡ್ ಹೋದ್ರಾ ಎಂತ?" ಎಂದೆ.

"ಬಾಯ್ ಮುಚ್ಚ್ ಹೆಣೆ. ಅಪಶಕುನ ಮಾತಾಡ್ಬ್ಯಾಡ" ಎಂದಳು ಸರೋಜ. ಆದರೆ ಮತ್ತೆ ಐದು ನಿಮಿಷಕ್ಕೆ ತಾನೇ, "ಇನ್ನೊಂದ್ಸಲ ಮಾಡಿ ಕಾಣ್" ಎಂದಳು.

ಹದಿನಾಲ್ಕು ಪರ್ಸೆಂಟಿನಲ್ಲಿ ಟ್ರಲೀ ಸೇರಿದೆವು. ಅಂಗಡಿಯ ಹಿಂದೆ ಎರಡು ಫಾಸ್ಟ್ ಚಾರ್ಜರ್. ಒಂದಕ್ಕೆ ಹಳದಿ ಟೇಪು ಸುತ್ತಿತ್ತು. ಇನ್ನೊಂದರಲ್ಲಿ ಬೂದುಬಣ್ಣದ ಕಾರು, ಒಳಗೆ ಯಾರೂ ಇಲ್ಲ. ಚಾರ್ಜರಿನ ಪರದೆಯಲ್ಲಿ ಎಂಬತ್ತಮೂರು. ನಾನು ಅದರ ಮುಂದೆ ನಿಂತು ನೋಡಿದೆ. ಎಂಬತ್ತನಾಲ್ಕಾಗಲಿಕ್ಕೆ ಎಷ್ಟು ಹೊತ್ತು! ಇಷ್ಟು ದೊಡ್ಡ ಚಾರ್ಜರು, ಇದಕ್ಕೂ ಗ್ರಾನಿ ರೋಗ ಬಂತೇ?

"ಎಂಬತ್ತರ್ ಮೇಲೆ ಎಲ್ಲಾ ಹೀಂಗೆ" ಎಂದಳು ಸರೋಜ. "ನಮ್ಮ್ ಬಸ್ಸಿಗ್ ಜನ ತುಂಬುದಿಲ್ಯಾ? ಸೀಟ್ ಖಾಲಿ ಇಪ್ಪತಂಕ ಓಡಿ ಬಂದ್ ಕೂಕಂತ್ರ್. ಆಮೇಲೆ ಒಬ್ಬೊಬ್ರನ್ನ್ ಒಳ್ಗೆ ದೂಡ್ಕ್. ಕಂಡಕ್ಟರ್ ಬೊಬ್ಬಿ ಹೊಡುಕೆ ಶುರು."

ಅರ್ಧ ಗಂಟೆ ಕಳೆದು ಕಾರಿನ ಯಜಮಾನರು ಬಂದರು. ಉಣ್ಣೆಯ ಟೋಪಿ ಹಾಕಿದ ಮುದುಕರು, ಕೈಯಲ್ಲಿ ಅರ್ಧ ತಿಂದ ಸಾಸೇಜ್ ರೋಲು. ಪರದೆ ನೋಡಿ, "ತೊಂಬತ್ತೊಂದು. ನೂರಾಗದೆ ಹೊರಡಲಿಕ್ಕೆ ನನ್ನ ಹೆಂಡತಿ ಬಿಡುವುದಿಲ್ಲ" ಎಂದು ನಕ್ಕರು. ಆ ಇಂಗ್ಲಿಷ್ ಕೇಳಿ ನನಗೆ ಮೈ ಜುಮ್ಮೆಂದಿತು. ಮದರ್ ಅವರದೇ ನುಡಿ, ವಾಕ್ಯದ ಕೊನೆಯನ್ನು ಮೇಲಕ್ಕೆ ಎತ್ತಿ ಬಿಡುವ ಅದೇ ರೀತಿ. ನಾನು ಎದ್ದು ನಿಂತು, ಎಂಟನೇ ಕ್ಲಾಸಿನ ಹುಡುಗಿಯಂತೆ ಕೈ ಹಿಂದೆ ಕಟ್ಟಿ, ಗೆಳತಿಯ ಆಪರೇಶನ್ ವಿಷಯ ಹೇಳಿದೆ. ಅವರು ಟೋಪಿ ತೆಗೆದರು. ತಮ್ಮ ಕಾರಿನಿಂದ ಚಾರ್ಜರಿನ ಗನ್ ಕಿತ್ತು ನಮ್ಮ ಕಾರಿಗೆ ತಾವೇ ಸಿಕ್ಕಿಸಿದರು. "ಎಪ್ಪತ್ತೈದಕ್ಕೆ ಹೊರಟುಬಿಡಿ ಗರ್ಲ್ಸ್. ತುಂಬಲಿ ಎಂದು ಕಾಯಬೇಡಿ. ಮುಂದೆ ಎನಿಸ್ ಪಟ್ಟಣದಲ್ಲಿ ಮತ್ತೆ ಸ್ವಲ್ಪ ಹಾಕಿ" ಎಂದರು. ಗರ್ಲ್ಸ್! ಮದರ್ ತೀರಿದ ಮೇಲೆ ನಮ್ಮನ್ನು ಯಾರೂ ಹಾಗೆ ಕರೆದಿರಲಿಲ್ಲ.

ಅಂಕೆ ಈಗ ಓಡುತ್ತಿತ್ತು. ನೋರಾ ಅವರ ಗೋಡೆ ಒಂದೂವರೆ ಗಂಟೆಯಲ್ಲಿ ಕೊಟ್ಟದ್ದನ್ನು ಇದು ಏಳೆಂಟು ನಿಮಿಷಕ್ಕೆ ಕೊಟ್ಟಿತು. ಆದರೂ ನನ್ನ ವಾಚು ಅದಕ್ಕಿಂತ ಜೋರಾಗಿ ಓಡುತ್ತಿತ್ತು.

ಎನಿಸ್

ಹನ್ನೆರಡೂಕಾಲಿಗೆ ಗಿರಿಜಳ ಎದುರು ಕೂತಿರಬೇಕಾದವರು ಹನ್ನೆರಡೂಕಾಲಿಗೆ ಎನಿಸ್‌ನ ಚಾರ್ಜರ್ ಮುಂದೆ ನಿಂತಿದ್ದೆವು. ಒಂದೇ ಕಂಬಕ್ಕೆ ಎರಡು ಬಾಯಿ. ಪಕ್ಕದ ಬಾಯಿಯಲ್ಲಿ ವ್ಯಾನೊಂದು ಕುಡಿಯುತ್ತಿತ್ತು, ನಮ್ಮ ಪಾಲಿಗೆ ಅರ್ಧವೇ ಬರುತ್ತಿತ್ತು. ಫೋನು ಇನ್ನೂ ಸ್ವಿಚ್ ಆಫ್.

ಸರೋಜಳ ಸಿಟ್ಟಿಗೆ ಒಂದು ದಾರಿ ಬೇಕಿತ್ತು. "ಮೊಬೈಲ್ ತೆಗಿ ವಸಂತಿ. ಆ ನೋರಾಳ್ ಮನಿಗ್ ರಿವ್ಯೂ ಬರಿ. ನಿನ್ನ್ ಇಂಗ್ಲಿಷ್ ಚಂದ ಇತ್ತ್. ಒಂದೇ ಸ್ಟಾರ್."

"ಪಾಪ, ಬ್ರೆಡ್ ಚಂದ ಇತ್ತಲ್ದಾ?"

"ಬ್ರೆಡ್ ತಿಂದ್ ಕಾರ್ ಓಡತ್ತಾ? ಬರಿ. ಪ್ಲಗ್ ಹಾಳಾಯಿತ್, ಹೇಳದ್ದ್ ಸುಳ್ಳ್, ಇವ್ಳಿಂದಾಯಿ ನಾವ್ ಒಂದ್ ಜೀವದ ಕೊನಿ ಮಾತ್ ಕೇಂಬುಕೆ ಆಯ್ಲಿಲ್ಲೆ."

ನಾನು ಬರೆದೆ. ಸ್ಪೆಲಿಂಗ್ ತಪ್ಪಿಲ್ಲದೆ, ಫುಲ್‌ಸ್ಟಾಪ್ ಸಮೇತ, ಒಬ್ಬ ನಿರಪರಾಧಿ ವಿಧವೆಯ ಮೇಲೆ ಸುಳ್ಳು ಬರೆದೆ. ಕೊನೆಯ ವಾಕ್ಯ ಬರೆದು ಮೊಬೈಲನ್ನು ಮಡಿಲಲ್ಲಿ ಬೋರಲು ಹಾಕಿದೆ. ಹಾಸ್ಟೆಲಿನ ಗೋಡೆಗೆ ಒಂದು ಸಲವೂ ಮುಖ ಮಾಡಿ ನಿಲ್ಲದವಳು ನಾನು. ಈಗ ನಿಲ್ಲಿಸುವವರು ಯಾರೂ ಇಲ್ಲ. "ನೆಟ್‌ವರ್ಕ್ ಇಲ್ಲೆ, ಆಮೇಲ್ ಕಳ್ಸುವ" ಎಂದೆ. ಅದು ಇನ್ನೊಂದು ಸುಳ್ಳು.

ನಲವತ್ತೈದು ತಲುಪಿದ ಕೂಡಲೇ ಸರೋಜ ಗನ್ ಕಿತ್ತಳು.

ಗಾಲ್ವೇ

ಒಂದೂವರೆ. ಸರೋಜ ನನ್ನನ್ನು ಬಾಗಿಲಲ್ಲಿ ಇಳಿಸಿ ಕಾರನ್ನು ಅಲ್ಲೇ ಅಡ್ಡ ಬಿಟ್ಟಳು, ಯಾರು ಬೇಕಾದರೂ ಎಳೆದುಕೊಂಡು ಹೋಗಲಿ ಎಂದು. ಲಿಫ್ಟು, ಕಾರಿಡಾರು, ಮತ್ತೊಂದು ಕಾರಿಡಾರು. ನನ್ನ ಮಂಡಿ ಆ ದಿನ ನೋಯಲಿಲ್ಲ, ಮರುದಿನ ಎರಡು ಪಟ್ಟು ನೋಯಿತು.

ಗಿರಿಜ ಮಂಚದ ಮೇಲೆ ಕೂತಿದ್ದಳು. ಹಸಿರು ಗೌನು. ಆಪರೇಶನ್ನಿಗೆಂದು ಬಿಳಿ ಕೂದಲನ್ನು ಎರಡು ಜಡೆ ಹಾಕಿದ್ದರು, ಹಾಸ್ಟೆಲಿನ ಹಾಗೆ. ನಮ್ಮನ್ನು ನೋಡಿದಳು.

"ಹ್ವಾಯ್!"

ದನಿ ಒಡೆದಿತ್ತು. ಚಿಪ್ಪು ರಾಶಿಯ ಮೇಲೆ ದೋಣಿ ಎಳೆದ ಹಾಗೆ. ಆದರೂ ಅದೇ ದನಿ.

"ಎಷ್ಟ್ ಹೊತ್ತಿಗ್ ಬಪ್ಪುದ್? ನಾನ್ ಮದ್ಮಗಳಾಂಗೆ ಶೃಂಗಾರ ಆಯಿ ಕೂಕಂಡಿದ್ದೆ. ದಿಬ್ಬಣವೇ ಬರ್ಲಿಲ್ಲೆ!"

ಸರೋಜ ಉಸಿರು ಬಿಡುತ್ತ, "ಆ ಡಿಂಗಲಿನ ಹೆಂಗ್ಸಿನ ಪ್ಲಗ್..." ಎಂದು ಶುರು ಮಾಡಿದಳು.

"ಇಟ್ ವಾಸ್ ಮೀ" ಎಂದೆ. ಇಬ್ಬರೂ ನನ್ನ ಕಡೆ ತಿರುಗಿದರು. ಇಂಗ್ಲಿಷ್ ಅಲ್ಲಿಗೇ ನಿಂತಿತು, ಮುಂದಿನದಕ್ಕೆ ಅದು ಒದಗಲಿಲ್ಲ. "ಪ್ಲಗ್ ಸಮ ಇತ್ತ್. ನಾನೇ ತೆಗ್ದದ್ದ್. ಗುಡುಗ್ತಲೆ, ಅದ್ಕೆ."

ಗಿರಿಜ ನಗಲು ಶುರು ಮಾಡಿದಳು. ನಗು ಕೆಮ್ಮಾಯಿತು, ಕೆಮ್ಮು ಮತ್ತೆ ನಗುವಾಯಿತು. ದಿಂಬಿನ ಕೆಳಗೆ ಕೈ ಹಾಕಿ ತನ್ನ ಫೋನು ತೆಗೆದಳು. ಪರದೆ ಕಪ್ಪು. ಅದರ ಚಾರ್ಜರಿನ ವೈರು ನೀಟಾಗಿ ಸುತ್ತಿತ್ತು, ನಾನು ಸುತ್ತಿದ ಹಾಗೆಯೇ.

"ನಿನ್ನೆ ಸಂಜಿಗ್ ಇಲ್ಲೂ ಗುಡುಗಿತ್. ಫೋನಿಂದ್ ತೆಗ್ದೆ, ಲೈಟಿಂದ್ ತೆಗ್ದೆ, ಕರೆಂಟ್ ಮಂಚದ್ದೂ ತೆಗ್ದೆ. ಮಂಚ ಮೇಲೂ ಇಲ್ಲೆ, ಕೆಳ್ಗೂ ಇಲ್ಲೆ! ನರ್ಸ್ ಹೆಣ್ಣ್ ಬಂದ್ ಬೈದದ್ದೇ ಬೈದದ್ದ್. ಮಂಚದ್ದ್ ಹಾಕ್ತ್, ಫೋನಿಂದ್ ಬಿಟ್ಟೇ ಹೋಯ್ತ್."

"ನಲ್ವತ್ ವರ್ಷ ನರ್ಸ್ ಆಯಿದ್ದವಳ್ ನೀನೇ ಅಲ್ದಾ?" ಎಂದಳು ಸರೋಜ.

"ಅದ್ ಬೇರೆಯವ್ರ್ ಮಂಚ. ಇದ್ ನಂದ್."

ಸರೋಜ ನಮ್ಮಿಬ್ಬರನ್ನೂ ನೋಡಿ ಕುರ್ಚಿಯಲ್ಲಿ ಕುಸಿದಳು. "ಒಬ್ಳ್ ಕಾರಿಂದ್ ತೆಗೂದ್, ಒಬ್ಳ್ ಫೋನಿಂದ್ ತೆಗೂದ್. ನಡುವಂಗ್ ನಾನ್ ಒಬ್ಳೇ ಓಡಿ ಓಡಿ ಸಾಯುದ್."

ಬ್ಯಾಗಿನಿಂದ ಡಬ್ಬಿ ತೆಗೆದೆ. ಕುಂದಾಪುರದಿಂದ ಮೂರು ಪ್ಲಾಸ್ಟಿಕ್ ಸುತ್ತಿ ತಂದಿದ್ದ ಒಣ ಸಿಗಡಿ ಚಟ್ನಿ. ಅವಳು ತಿನ್ನುವ ಹಾಗಿಲ್ಲ, ಬೆಳಗಿನಿಂದ ಉಪವಾಸ. ಮುಚ್ಚಳ ತೆಗೆಯಲು ಸನ್ನೆ ಮಾಡಿದಳು. ಮೂಗು ಹತ್ತಿರ ತಂದು ಕಣ್ಣು ಮುಚ್ಚಿ ಎಳೆದುಕೊಂಡಳು, ಎರಡು ಸಲ, ಮೂರು ಸಲ. "ಇನ್ ವಾಸ್ನಿಯೂ ಸಮ ಗೊತ್ತಾಪುದಿಲ್ಲೆ" ಎಂದಳು, ನರ್ಸ್ ರೋಗಿಗೆ ಹೇಳುವಂತೆ. "ಉಸ್ರ್ ಮೂಗಂಗ್ ಹೋಪುದಿಲ್ಯಲೆ. ಕುತ್ಗಿಯಂಗೇ ಒಂದ್ ತೂತ್." ಮತ್ತೆ ಒಂದು ಸಲ ಎಳೆದುಕೊಂಡಳು. "ಹುಳಿ ಸಲ್ಪ ಜಾಸ್ತಿ ಆಯಿತ್ ಹೆಣೆ."

ನಾನು ನೂರು ಮಾತು ಕೂಡಿಸಿ ತಂದಿದ್ದೆ. ಒಂದೂ ನೆನಪಾಗಲಿಲ್ಲ. ಸಿಕ್ಕ ಹತ್ತು ನಿಮಿಷವನ್ನು ಅವಳು ಬೈಂದೂರಿನ ಬಸ್ಸು, ಗೋಡೆ, ನನ್ನ ಒಂದೂ ತಪ್ಪಿಲ್ಲದ ಇಂಗ್ಲಿಷು, ಎಲ್ಲವನ್ನೂ ತಮಾಷೆ ಮಾಡಿಯೇ ಕಳೆದಳು. ರಿವ್ಯೂ ಕಥೆ ಕೇಳಿ, ಆ ನೋರಾಳಿಗೆ ಐದು ಸ್ಟಾರ್ ಕೊಡಬೇಕೆಂದು ತೀರ್ಪನ್ನೂ ಕೊಟ್ಟಳು. ಆಮೇಲೆ ಇಬ್ಬರು ಗಾಲಿಮಂಚ ತಂದರು.

ಕಾರಿಡಾರಿನ ತಿರುವಿನವರೆಗೆ ನಾವು ಹಿಂದೆ ಹೋದೆವು. ಅಲ್ಲಿಂದ ಮುಂದೆ ಬಿಡುವುದಿಲ್ಲ. ಯಾವಾಗಲೂ ನಾವಿಬ್ಬರು ಮೊದಲು ಇಳಿಯುತ್ತಿದ್ದೆವು, ಅವಳು ಮುಂದೆ ಹೋಗುತ್ತಿದ್ದಳು. ಈ ಸಲವೂ ಹಾಗೆಯೇ. ಮಂಚ ತಿರುವಿನಲ್ಲಿ ಮರೆಯಾದ ಮೇಲೆ ಆ ಕಡೆಯಿಂದ, ಇಡೀ ವಾರ್ಡು ತಿರುಗಿ ನೋಡುವಂತೆ, ಕೇಳಿಸಿತು:

"ಹ್ವಾಯ್! ಹೋಯಿ ಕಾರಿಗ್ ಪ್ಲಗ್ ಹಾಕಿ! ಬತ್ತೆ!"

ನಾವು ಹೋಗಿ ಹಾಕಿದೆವು. ಆಸ್ಪತ್ರೆಯ ಅಂಗಳದಲ್ಲಿ ಫಾಸ್ಟ್ ಚಾರ್ಜರೂ ಇತ್ತು, ಮನೆಯದರಂತೆ ನಿಧಾನದ್ದೂ ಇತ್ತು. ಸರೋಜ ಫಾಸ್ಟ್ ಕಡೆ ತಿರುಗಿಸಿದಳು. "ನಿಧಾನದ್ದೇ ಸಾಕ್" ಎಂದೆ. "ನಮ್ಗ್ ಈಗ ಎಲ್ಲಿಗ್ ಹೋಪುಕಿತ್ತ್?" ಆಪರೇಶನ್ ಮುಗಿಯಲು ಸಂಜೆ ಆದೀತು ಎಂದಿದ್ದರು.

ನೋರಾ ಅವರಿಗೆ ಐದು ಸ್ಟಾರ್ ಹಾಕಿ, ಬ್ರೆಡ್ಡಿನ ಬಗ್ಗೆ ನಾಲ್ಕು ಸಾಲು ಬರೆದು ಕಳಿಸಿದೆ. ಆಮೇಲೆ ಇಬ್ಬರೂ ಕಾರಿನಲ್ಲಿ ಕೂತೆವು. ಅಂಕೆ ಬಹಳ ಹೊತ್ತಿಗೊಮ್ಮೆ ಒಂದು ಏರುತ್ತಿತ್ತು. ನಾಲ್ಕರ ಸುಮಾರಿಗೆ ಕಡಲ ಕಡೆ ಕಪ್ಪಾಗಿ, ದೂರದಲ್ಲಿ ಒಮ್ಮೆ ಗುಡುಗಿತು.

ಸರೋಜ ನನ್ನ ಎರಡೂ ಕೈಗಳನ್ನು ಗಟ್ಟಿಯಾಗಿ ಹಿಡಿದುಕೊಂಡಳು.